ಕೋನಪ್ಪನ ಕಬ್ಬಿಗೆ ಬಂದ ಬಳಗ

ಈ ಕತೆಯನ್ನು ಮೊದಲು ಹೇಳಿದವರು ತೊಂಡೇಬಾವಿ ಬಳಿಯ ಒಂದು ಹಳ್ಳಿಯ ಅಮ್ಮಾಜಮ್ಮನವರು. ೧೯೬೪ನೆಯ ಇಸವಿ, ಸಂಕ್ರಾಂತಿಗೆ ಮುಂಚಿನ ಒಂದು ಮಧ್ಯಾಹ್ನ. ಜಗಲಿಯ ಮೇಲೆ ಕೂತು ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದರು. ನಡೆದದ್ದು ಅದಕ್ಕೆ ಆರೇಳು ವರ್ಷ ಹಿಂದೆ ಎಂದೂ, ತಾವು ಕಣ್ಣಾರೆ ಕಂಡದ್ದೆಂದೂ ಅವರು ಮೊದಲೇ ಖಚಿತಪಡಿಸಿದರು.

ಆ ಊರಿಗೆ ಇದ್ದದ್ದು ಒಂದೇ ಗಾಣ. ಕಬ್ಬು ಬೆಳೆದವರೆಲ್ಲ ಸರದಿಯ ಮೇಲೆ ಅರೆದುಕೊಳ್ಳಬೇಕು. ಸರದಿ ತಪ್ಪಿದವನು ಎಲ್ಲರದೂ ಮುಗಿಯುವವರೆಗೆ ಕಾಯಬೇಕು. ಅಷ್ಟರಲ್ಲಿ ಅವನ ಕಬ್ಬು ಒಣಗಿ ಒಲೆಗೆ ಮಾತ್ರ ಬಂದೀತು. ಕತೆ ನಡೆದ ದಿನದ ಮಾರನೆಯ ಬೆಳಗ್ಗೆ ಕೋನಪ್ಪನ ಸರದಿ. ಅವನ ನಂತರದ್ದು ಪಕ್ಕದ ಹೊಲದ ವೆಂಕಟರವಣಪ್ಪನದು. ಈ ವೆಂಕಟರವಣಪ್ಪ ಸಲಹೆ ಕೊಡುವುದರಲ್ಲಿ ಎಂದೂ ಹಿಂದೆ ಬಿದ್ದವನಲ್ಲ, ಕೆಲಸಕ್ಕೆ ಕೈ ಹಾಕುವುದರಲ್ಲಿ ಎಂದೂ ಮುಂದೆ ಬಂದವನೂ ಅಲ್ಲ.

ಗೌರಿಬಿದನೂರಿನಲ್ಲಿ ಆಟ ಮುಗಿಸಿದ ಒಂದು ಸರ್ಕಸ್ಸಿನ ಆನೆಗಳು ಅಂದು ಬೆಳಗ್ಗೆ ಚಿಕ್ಕಬಳ್ಳಾಪುರಕ್ಕೆ ನಡೆದು ಹೊರಟಿದ್ದವು. ಮೂರು ಹೆಣ್ಣಾನೆ, ಒಂದು ಮರಿ. ನೀರಿಗೆಂದು ಕೋನಪ್ಪನ ಬಾವಿಯ ಬಳಿ ನಿಂತಾಗ ಮರಿ ಮೆಲ್ಲಗೆ ಕಬ್ಬಿನೊಳಗೆ ನುಸುಳಿತು. ಅದರ ಹಿಂದೆ ತಾಯಿ, ತಾಯಿಯ ಹಿಂದೆ ಮುದಿಯಾನೆ ರುಕ್ಮಿಣಿ, ರುಕ್ಮಿಣಿಯ ಹಿಂದೆ ಉಳಿದದ್ದು. ಬೀಗರ ಮನೆಯ ಊಟಕ್ಕೆ ಬಂದವರ ಹಾಗೆ ನಾಲ್ವರೂ ಒಳಗೆ ನೆಲೆನಿಂತರು.

ಕೋನಪ್ಪ ಮಾವುತ ಬುಡೇನ್ ಸಾಬಿಯನ್ನು ಹಿಡಿದುಕೊಂಡ.

"ನಾನೇನ್ ಮಾಡ್ಲಿ ಯಜಮಾನ್ರೇ, ಮರಿ ಎಲ್ಲೋ ಎಲ್ರೂ ಅಲ್ಲೇ" ಎಂದ ಸಾಬಿ. "ರುಕ್ಮಿಣಿ ಹಿರೀಳು. ಅವಳು ಹೆಜ್ಜೆ ಎತ್ತೋಗಂಟ ಮಿಕ್ಕೋರು ಕದಲಲ್ಲ."

"ಕದಲಿಸ್ತೀನಿ" ಎಂದು ಕೋನಪ್ಪ ಟವೆಲನ್ನು ಸೊಂಟಕ್ಕೆ ಬಿಗಿದ. "ನಾಳೆ ಗಾಣ ತಿರುಗೋದು ನನ್ನ ಕಬ್ಬಿಗೇನೆ."

ತಮಟೆ ಬಡಿಸು ಎಂದು ಬೇಲಿಯಾಚೆಯಿಂದ ವೆಂಕಟರವಣಪ್ಪ ಹೇಳಿದ. ಬಡಿಸಿದ್ದಾಯಿತು. ಮೂರು ಆನೆಗಳೂ ಮರಿಯನ್ನು ನಡುವೆ ಹಾಕಿಕೊಂಡು, ಮುಖ ಹೊರಗೆ ಮಾಡಿ, ಪಂಚಾಯ್ತಿಗೆ ಕೂತ ಹಿರಿಯರಂತೆ ಸುತ್ತುಗಟ್ಟಿದವು. ಹಾಗೆ ಸುತ್ತುಗಟ್ಟಲು ಒಂದು ಕಣದಷ್ಟು ಕಬ್ಬು ನೆಲಸಮವಾಯಿತು. ಮೆಣಸಿನಕಾಯಿ ಹೊಗೆ ಹಾಕು ಎಂದು ಮತ್ತೊಂದು ಸಲಹೆ ಬಂತು. ಹಾಕಿದೊಡನೆ ಗಾಳಿ ತಿರುಗಿತು. ಊರು ಊರೇ ಕೆಮ್ಮಿತು. ಆನೆಗಳು ಮಾತ್ರ ಮೈಮೇಲೆ ಮಣ್ಣೆರಚಿಕೊಂಡು ಕಬ್ಬು ಅಗಿಯುತ್ತಿದ್ದವು.

ಕಣ್ಣು ಕೆಂಡವಾಗಿದ್ದರೂ ಕೋನಪ್ಪ ಸೋಲಲೊಪ್ಪಲಿಲ್ಲ. ಆಗ ಬಂದವಳು ಅವನ ಹೆಂಡತಿ ಗಂಗುಲಮ್ಮ, ಕೈಯಲ್ಲಿ ತಂಬಿಗೆ, ಕುಂಕುಮ, ಬೆಲ್ಲ. ಹೊಸ ಎತ್ತು ಮನೆಗೆ ಬಂದರೆ ಕಾಲು ತೊಳೆದು, ಕುಂಕುಮವಿಟ್ಟು, ಯಜಮಾನನ ಬೆವರಿನ ಬಟ್ಟೆಯಿಂದ ಮೂತಿ ಒರೆಸಿ, ಅವನ ಕೈಯಿಂದಲೇ ಬೆಲ್ಲ ತಿನ್ನಿಸುವುದು ಆ ಕಡೆಯ ಪದ್ಧತಿ. ಹಾಗೆ ಮಾಡಿದ ಎತ್ತು ಬೇರೆಯವರ ಹಿಂದೆ ಹೋಗುವುದಿಲ್ಲ.

"ಅಮ್ಮಾ, ಅದು ಎತ್ತಲ್ಲ" ಎಂದು ಸಾಬಿ ಬಾಯಿ ತೆರೆದ. ಮಾವುತನ ಮಾತು ಆ ಹೊತ್ತಿಗೆ ಯಾರಿಗೂ ಬೇಕಿರಲಿಲ್ಲ.

ಬೆಲ್ಲದ ವಾಸನೆಗೆ ಮರಿ ತಾಯಿಯ ಕಾಲುಗಳ ನಡುವಿನಿಂದ ಸೊಂಡಿಲು ಚಾಚಿತು. ಗಂಗುಲಮ್ಮ ಶಾಸ್ತ್ರದಲ್ಲಿ ಒಂದನ್ನೂ ಬಿಡಲಿಲ್ಲ. ಕೋನಪ್ಪ ಬೆಲ್ಲ ತಿನ್ನಿಸುತ್ತಿದ್ದಾಗ ರುಕ್ಮಿಣಿ ಅವನನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ಮೂಸಿ, ಕಂಕುಳಲ್ಲಿ ಸೊಂಡಿಲಿಟ್ಟು ಬಹಳ ಹೊತ್ತು ಯೋಚಿಸಿತು. ಅವನು ಕಣ್ಣು ಮುಚ್ಚಿ ಮನೆದೇವರನ್ನು ನೆನೆಯುತ್ತ ನಿಂತಿದ್ದ. ಆಮೇಲೆ ಅವನು ಹಿಂದೆ ಸರಿದ, ಮರಿ ಮುಂದೆ ಬಂತು, ಬಳಗವೆಲ್ಲ ಸಾಲುಗಟ್ಟಿತು. ಊರ ಗಡಿಯ ಹುಣಿಸೆಮರದವರೆಗೆ ನಡೆಸಿ, ಸಾಬಿಗೆ ಒಪ್ಪಿಸಿ, ಕೋನಪ್ಪ ಮೀಸೆ ತೀಡಿಕೊಂಡು ಹಿಂತಿರುಗಿದ. ಅರ್ಧ ಕಬ್ಬು ಉಳಿದಿತ್ತು.

"ಅರ್ಧಾನೇ ಅರೀತೀನಿ. ಸರದಿ ಮಾತ್ರ ಬಿಡಲ್ಲ" ಎಂದು ಊಟಕ್ಕೆ ಕೂತ.

ಮುದ್ದೆಯ ಮೊದಲ ತುತ್ತು ಗಂಟಲಿಗಿಳಿಯುವಷ್ಟರಲ್ಲಿ ಹೊಲದ ಕಡೆಯಿಂದ ಘೀಳು ಕೇಳಿಸಿತು. ಹುಣಿಸೆಮರ ದಾಟಿದ ಮರಿ ಹಿಂದಿರುಗಿ ನೋಡಿ, ಕೋನಪ್ಪನನ್ನು ಕಾಣದೆ ಅರಚಿತ್ತು. ರುಕ್ಮಿಣಿ ಬಳಗವನ್ನೇ ತಿರುಗಿಸಿತ್ತು. ಅವು ರಸ್ತೆ ಹಿಡಿದು ಬರಲಿಲ್ಲ. ಅವನ ಮನೆಗೆ ನೇರವಾದ ದಾರಿ ಹಿಡಿದು, ಉಳಿದ ಅರ್ಧ ಕಬ್ಬಿನ ಮೇಲೆ ಬಂದವು.

ಸಾಬಿ ಏದುಸಿರು ಬಿಡುತ್ತ ತಲುಪಿದ. "ಮರಿ ಸಾಕೋದು ತಾಯಿ ಒಬ್ಳೇ ಅಲ್ಲಮ್ಮಾ. ಜೊತೆಗೆ ಚಿಕ್ಕಮ್ಮ ಅಂತ ಒಬ್ಳು ಇರ್ತಾಳೆ. ಇವತ್ತಿಂದ ಅದು ನಿಮ್ಮ ಯಜಮಾನ್ರು. ಬಳಗದೋರನ್ನ ಬಿಟ್ಟು ರುಕ್ಮಿಣಿ ಹೋಗಲ್ಲ."

"ನಮ್ಮ ಮಾತು ಕೇಳ್ಲಿ ಅಂತ ಮಾಡಿದ್ದು ಕಣಪ್ಪಾ" ಎಂದಳು ಗಂಗುಲಮ್ಮ.

"ಕೇಳ್ತಾವಲ್ಲಮ್ಮಾ, ಅದೇ ಕಷ್ಟ."

ಕೋನಪ್ಪ ಕೈ ತೊಳೆದು ರುಮಾಲು ಸುತ್ತಿದ. ಆನೆಗಳು ಊರಲ್ಲಿ ನಿಂತರೆ ಮಿಕ್ಕವರ ಕಬ್ಬೂ ಉಳಿಯದು. ಚಿಕ್ಕಬಳ್ಳಾಪುರದವರೆಗೆ ಅವನೇ ಮುಂದೆ ನಡೆಯಬೇಕು. ಅಲ್ಲಿಂದ ಬಿಡುಗಡೆ ಯಾವಾಗ ಎಂಬುದನ್ನು ರುಕ್ಮಿಣಿ ಹೇಳಬೇಕು.

"ನಿಶ್ಚಿಂತೆಯಾಗಿ ಹೋಗಿ ಬಾರಪ್ಪಾ ಕೋನಪ್ಪಾ" ಎಂದು ವೆಂಕಟರವಣಪ್ಪ ಬೇಲಿಯಾಚೆಯಿಂದಲೇ ಸಮಾಧಾನ ಹೇಳಿದ. "ಗಾಣ ಯಾಕೆ ಸುಮ್ನೆ ನಿಲ್ಬೇಕು, ನಾಳೆ ನಂದು ಅರ್ಕೊಂತೀನಿ."

ಹೊಲದಲ್ಲಿ ಒಂದೇ ಒಂದು ಜಲ್ಲೆ ನೆಟ್ಟಗೆ ನಿಂತಿತ್ತು. ಅದನ್ನಾದರೂ ಉಳಿಸಿದೆನೆಂದು ಕೋನಪ್ಪ ಮುರಿದು ಕಂಕುಳಲ್ಲಿ ಇರುಕಿಕೊಂಡ. ಹುಣಿಸೆಮರದ ಬಳಿ ಮರಿ ಅದಕ್ಕೂ ಸೊಂಡಿಲು ಚಾಚಿತು.

"ಕೊಟ್ಟನೇನಮ್ಮಾ?" ಎಂದು ಕೇಳಿದಳು ಜಗಲಿಯ ಮೇಲಿದ್ದ ಮಂಗಮ್ಮ.

"ಚಿಕ್ಕಮ್ಮ ಅಲ್ವೇನೇ?" ಎಂದರು ಅಮ್ಮಾಜಮ್ಮ. "ಕೊಡದೆ ಇರ್ತಾಳಾ?"

ಹೆಂಗಸರು ಮಡಿಲಿನ ಸಿಪ್ಪೆ ಕೊಡವಿ ಎದ್ದರು. ಹಿತಕಿದ ಬೇಳೆಗೆ ಕಾಳು ನೆನೆಹಾಕುವ ಹೊತ್ತಾಗಿತ್ತು. ಮೊರ ಎತ್ತಿಕೊಂಡು, ನಗುತ್ತ, ಒಬ್ಬೊಬ್ಬರಾಗಿ ಮನೆಗೆ ಹೋದರು.