ಬೆಟ್ಟದ ಸೈಕಲ್ಲಿಗೆ ಹಿಂಬದಿ ಕ್ಯಾರಿಯರ್ ಅಳವಡಿಸುವ ಹಾಗೂ ಅದರ ಮೇಲೆ ಅಧೀಕ್ಷಕರನ್ನು ಸಾಗಿಸಿದ ಬಗ್ಗೆ

ಸುತ್ತೋಲೆ
ಸಂಖ್ಯೆ: ಟಪಾಲು/ಸೈಕಲ್/ಹಿಂಬದಿ/೭

ಉಲ್ಲೇಖ: ೧) ಟಪಾಲು ಸಹಾಯಕಿಯವರ ಬೆನ್ನುನೋವಿನ ಮನವಿ. ೨) ಅವರದೇ ಗೊಣಗಾಟ (ಮೌಖಿಕ).

ಸಮತಟ್ಟಾದ ಈ ಊರಿನ ಟಪಾಲು ಬಟವಾಡೆಗೆ ಬೆಟ್ಟ ಹತ್ತುವ ಸೈಕಲ್ ಒಂದನ್ನು ಸರಬರಾಜು ಮಾಡಲಾಗಿದ್ದು, ಸದರಿ ಸೈಕಲ್ಲಿನಲ್ಲಿ ಗೇರುಗಳು ಹೇರಳವಾಗಿದ್ದು, ಕ್ಯಾರಿಯರ್ ಮಾತ್ರ ಇರುವುದಿಲ್ಲ. ಕಡತಗಳನ್ನು ಚೀಲದಲ್ಲಿ ಹೊತ್ತು ಟಪಾಲು ಸಹಾಯಕಿಯವರ (ಕಚೇರಿಗೆಲ್ಲ ‘ಅಕ್ಕ’) ಬೆನ್ನು ಹಿಡಿದುಕೊಂಡಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಕ್ಯಾರಿಯರ್ ಬಿಗಿಯಲು ಈ ಸೈಕಲ್ಲಿನಲ್ಲಿ ತೂತುಗಳಿಲ್ಲ. ತೂತು ಮಂಜೂರು ಮಾಡುವಂತೆ ಮೇಲಿನ ಕಚೇರಿಗೆ ಬರೆಯತಕ್ಕದ್ದಲ್ಲ, ಕ್ಲ್ಯಾಂಪ್ ಬಳಸತಕ್ಕದ್ದು.

೨. ಕ್ಲ್ಯಾಂಪಿನೊಳಗೆ ಹಳೆಯ ಟ್ಯೂಬಿನ ರಬ್ಬರ್ ಸುತ್ತತಕ್ಕದ್ದು. ಮೊದಲ ಸಲ ಇದನ್ನು ಅಕ್ಕನೂ ಅಧೀಕ್ಷಕರೂ ಮರೆತ ಕಾರಣ, ಕ್ಯಾರಿಯರ್ ಗೇಟಿನ ಬಳಿಯೇ ಜಾರಿ ಪಿಂಚಣಿ ಕಡತಗಳು ರಸ್ತೆಯುದ್ದಕ್ಕೂ ಹರಡಿದವು. ಹೆಕ್ಕಿಕೊಟ್ಟ ಸಾರ್ವಜನಿಕರು ತಮ್ಮ ತಮ್ಮ ಕಡತಗಳನ್ನು ಅಲ್ಲೇ ನಿಂತು ಓದಿಕೊಂಡಿರುವುದನ್ನು ‘ವಿಲೇವಾರಿ’ ಎಂದು ಪರಿಗಣಿಸಲಾಗಿದೆ.

೩. ಡಿಸ್ಕ್ ಬ್ರೇಕಿಗೆ ಕ್ಯಾರಿಯರಿನ ಕಾಲು ತಗಲದಂತೆ ಉದ್ದದ ಬೋಲ್ಟ್ ಹಾಕಿ, ನಡುವೆ ವಾಷರ್‌ಗಳನ್ನು ಪೋಣಿಸತಕ್ಕದ್ದು. ಎಲ್ಲ ಮುಗಿದ ಮೇಲೂ ಒಂದು ನಟ್ ಉಳಿದಿದ್ದು, ಅದು ಎಲ್ಲಿಯದೆಂದು ಯಾರಿಗೂ ತಿಳಿಯದ ಕಾರಣ, ಸದರಿಯನ್ನು ‘ಮೀಸಲು ನಟ್’ ಎಂದು ಘೋಷಿಸಲಾಗಿದೆ.

೪. ಕ್ಯಾರಿಯರಿನ ಮೇಲೆ ಕಡತ ಹೊರತು ಬೇರೇನನ್ನೂ ಸಾಗಿಸತಕ್ಕದ್ದಲ್ಲ.

೫. ಕ್ರಮಾಂಕ ೪ ಜಾರಿಗೆ ಬಂದ ದಿನವೇ, ಅಧೀಕ್ಷಕರ ಮಗಳನ್ನು ಹೆರಿಗೆಗೆ ಸೇರಿಸಿರುವುದಾಗಿ ಅಳಿಯಂದಿರಿಂದ ಫೋನ್ ಸ್ವೀಕೃತವಾಯಿತು. ಜೀಪು ಎಂದಿನಂತೆ ರಿಪೇರಿಯಲ್ಲಿತ್ತು. ಅಧೀಕ್ಷಕರು ಹಣೆಯ ಮೇಲಿದ್ದ ಕನ್ನಡಕವನ್ನು ವರಾಂಡದಲ್ಲೆಲ್ಲ ಹುಡುಕುತ್ತಿರುವುದನ್ನು ಕಂಡ ಅಕ್ಕ, “ಹತ್ತಿ ಕೂತ್ಕೊಳ್ಳಿ ಸಾರ್” ಎಂದರು. ಕ್ಯಾರಿಯರಿನ ಮೇಲೆ ಅಚ್ಚಾಗಿದ್ದ ತೂಕದ ಮಿತಿಯನ್ನು ಅಧೀಕ್ಷಕರು ತೋರಿಸಲಾಗಿ, “ಅದು ಕಡತಕ್ಕೆ ಹೇಳಿರೋದು. ನೀವು ಕಾಲು ಮೇಲೆತ್ಕೊಳ್ಳಿ, ಸಾಕು” ಎಂದು ಅಕ್ಕ ಮೌಖಿಕ ಆದೇಶ ನೀಡಿರುತ್ತಾರೆ.

೬. ಆದಕಾರಣ, ಸದರಿ ಪ್ರಯಾಣವನ್ನು ಸಕ್ರಮಗೊಳಿಸುವ ಸಲುವಾಗಿ, ಕಚೇರಿಯ ಗೇಟಿನಿಂದ ಹೆರಿಗೆ ವಾರ್ಡಿನ ಬಾಗಿಲಿನವರೆಗೆ ಅಧೀಕ್ಷಕರನ್ನು ‘ತುರ್ತು ಕಡತ’ವೆಂದು ಪರಿಗಣಿಸಲಾಗಿದೆ. ಅವರು ಅಕ್ಕನ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರಿಂದ, ಕಡತಕ್ಕೆ ದಾರ ಕಟ್ಟುವ ನಿಯಮ ಪಾಲನೆಯಾಗಿದೆ. ಮಾರುಕಟ್ಟೆಯ ತಿರುವಿನಲ್ಲಿ ಕಡತವು ಕೂಗಿಕೊಂಡಿದ್ದನ್ನು ‘ಹಾರ್ನ್’ ಎಂದು ಓದಿಕೊಳ್ಳತಕ್ಕದ್ದು.

೭. ಇಡೀ ದಾರಿಯಲ್ಲಿ ಕ್ಯಾರಿಯರ್ ಅಲುಗಾಡಲಿಲ್ಲ. ಕಡತ ಅಲುಗಾಡಿತು. ವಾರ್ಡಿನಿಂದ ಹೊರಬರುವಾಗ ಅಧೀಕ್ಷಕರ ಕಣ್ಣು ಒದ್ದೆಯಾಗಿದ್ದುದು ಸೈಕಲ್ಲಿನ ವೇಗದ ಗಾಳಿಯಿಂದ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

ಸಹಿ/-
ಅಧೀಕ್ಷಕರು
(ಕಡತದ ಸ್ಥಾನದಿಂದ ಬಿಡುಗಡೆ ಹೊಂದಿ ಕರ್ತವ್ಯಕ್ಕೆ ಮರಳಿದವರು)

ಪ್ರತಿಗಳು:
೧. ಅಕ್ಕನವರಿಗೆ, ಕೃತಜ್ಞತೆಯೊಂದಿಗೆ. ಕ್ಯಾರಿಯರಿಗೆ ದಿಂಬು ಒಂದನ್ನು ಮಂಜೂರು ಮಾಡಿದೆ.
೨. ಜೀಪು ಚಾಲಕರಿಗೆ. ಅವಸರವೇನೂ ಇರುವುದಿಲ್ಲ.
೩. ಅಂದು ಸಂಜೆ ಹಾಜರಾದ ಮೊಮ್ಮಗಳಿಗೆ, ಓದಲು ಬಂದ ಮೇಲೆ ಮಾಹಿತಿಗಾಗಿ.