ಒಂದೂ ಗೀರಿಲ್ಲದ ಇಪ್ಪತ್ತೆರಡು ವರ್ಷ

ಗುಳಿ ದೊಡ್ಡದೇನಲ್ಲ, ಅಂಗೈಯಷ್ಟು. ಗಡಿಯಾರ ರಿಪೇರಿಯವರು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಕಾಲು ಗಂಟೆಯಿಂದ ಅದನ್ನೇ ನೋಡುತ್ತಿದ್ದರು. ಒಂದು ಗುಳಿ, ನಾಲ್ಕು ಗೀರು, ಗೀರಿನ ತುದಿಯಲ್ಲಿ ನೀಲಿ ಬಣ್ಣ. ಅವರ ಕಾರೋ ಅಚ್ಚ ಬಿಳಿ.

"ಇಪ್ಪತ್ತೆರಡು ವರ್ಷ!" ಅಂದರು.

ಬೀದಿಯವರು ಅವರನ್ನು ಬೆನ್ನ ಹಿಂದೆ ಕರೆಯುವುದೇ 'ಸೆಕೆಂಡು ಮುಳ್ಳು' ಅಂತ. ಅಷ್ಟು ಕರಾರುವಾಕ್ಕು ಆಸಾಮಿ. ಇಪ್ಪತ್ತೆರಡು ವರ್ಷ ಗಾಡಿ ಓಡಿಸಿ ಒಂದು ಗೀರೂ ಮಾಡಿಕೊಳ್ಳದ್ದಕ್ಕೆ ವಿಮಾ ಕಂಪನಿಯವರು ಹಿತ್ತಾಳೆಯ ಫಲಕ ಕೊಟ್ಟಿದ್ದರು. ಅಂಗಡಿಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದೇ ಅದು. ಇಂಥ ಗಟ್ಟಿ ಕೈಗೇ ವಾಚು ಕೊಡಬೇಕು ಅಂತ ಜನ ಹುಡುಕಿಕೊಂಡು ಬರುತ್ತಿದ್ದರು.

ನಿನ್ನೆ ಸಂಜೆ ಕಾರು ಒಯ್ದವಳು ಮಗಳು. ಅವಳಿಗೆ ಹದಿನೆಂಟು ವರ್ಷ, ಅವಳ ಲೈಸೆನ್ಸಿಗೆ ಒಂಬತ್ತು ದಿನ. ಪಾಲಿಸಿಗೆ ಅವಳ ಹೆಸರು ಸೇರಿಸಿ ಅಂತ ತಾಯಿ ಮಗಳಿಬ್ಬರೂ ಹೇಳಿದ್ದರು. "ಹೊಸ ಲೈಸೆನ್ಸಿನ ಮಕ್ಕಳನ್ನ ಸೇರಿಸಿದ್ರೆ ಕಂತು ಒಂದೂವರೆ ಪಟ್ಟು ಏರತ್ತೆ. ಮೊದಲು ಕೈ ಕುದುರಲಿ, ಆಮೇಲೆ ನೋಡೋಣ," ಅಂತ ತಳ್ಳಿಹಾಕಿದ್ದು ಇವರೇ. ನಿನ್ನೆ ಅವಳು ಮನೆಗೆ ಬರುವಷ್ಟರಲ್ಲಿ ಇವರು ಎಂದಿನಂತೆ ಒಂಬತ್ತಕ್ಕೆ ಸರಿಯಾಗಿ ಮಲಗಿದ್ದರು. ಬೆಳಿಗ್ಗೆ ಇವರು ಏಳುವಷ್ಟರಲ್ಲಿ ಅವಳು ಫೋನನ್ನು ಮನೆಯಲ್ಲೇ ಬಿಟ್ಟು ಪರೀಕ್ಷೆಗೆ ಹೋಗಿಯಾಗಿತ್ತು.

ಹೆಂಡತಿ ಬಾಗಿಲಿಗೆ ಬಂದಳು. "ರೀ, ಅದೇನಾಯ್ತು ಅಂದ್ರೆ..."

"ನೀನು ಸುಮ್ನಿರು. ಮಗಳ ಪರ ವಕಾಲತ್ತು ಬೇಡ."

ವಕಾಲತ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪಕ್ಕದ ಮನೆಯ ಗುಮಾಸ್ತರು ಹಾಜರ್. ಮೂವತ್ತೈದು ವರ್ಷ ವಕೀಲರ ಕಚೇರಿಯಲ್ಲಿ ಕಡತ ಹೊತ್ತು ನಿವೃತ್ತರಾದವರು. ಕಾನೂನು ಅರ್ಧ ಗೊತ್ತು, ಉಳಿದರ್ಧಕ್ಕೆ ಧೈರ್ಯ ಇತ್ತು.

"ನಿಮ್ಮ ಮಗಳು ಯಾವುದೋ ನೀಲಿ ಗಾಡಿಗೆ ಗುದ್ದಿದಾಳೆ," ಅಂತ ತೀರ್ಪು ಕೊಟ್ಟರು. "ಅವನು ಇವತ್ತಲ್ಲ ನಾಳೆ ದೂರು ಕೊಡ್ತಾನೆ. ಪಾಲಿಸೀಲಿ ಹೆಸರಿಲ್ಲದ ಹುಡುಗಿ ಓಡಿಸಿದ್ಲು ಅಂತ ಗೊತ್ತಾದ್ರೆ ನಿಮ್ಮ ವಿಮೆ, ನಿಮ್ಮ ಫಲಕ ಎಲ್ಲಾ ಗೋವಿಂದ! ಅವನಿಗಿಂತ ಮೊದಲು ನೀವೇ ಫೋನು ಮಾಡಿ, ಓಡಿಸಿದ್ದು ನಾನೇ ಅನ್ನಿ. ಫಲಕ ಇರೋರಿಗೆ ಒಂದು ಸಣ್ಣ ತಪ್ಪು ಮಾಫಿ."

ಐದು ನಿಮಿಷ ಅಂದರೆ ಐದೇ ನಿಮಿಷಕ್ಕೆ ಬರುವ ಮನುಷ್ಯ; ಸುಳ್ಳು ಹೇಳಿ ಅಭ್ಯಾಸವಿಲ್ಲ. ಆದರೆ ಹದಿನೆಂಟಕ್ಕೇ ಮಗಳ ಹೆಸರಿಗೆ ಮಸಿ ಬಿದ್ದರೆ? ಹೊಟ್ಟೆಯಲ್ಲಿ ಹುಟ್ಟಿದ ಕೂಸು, ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಫೋನು ಮಾಡಿಯೇಬಿಟ್ಟರು. ಹನ್ನೆರಡಕ್ಕೆ ತನಿಖೆಯವರು ಬರುತ್ತಾರೆ ಅಂತ ಉತ್ತರ ಬಂತು.

"ನೀಲಿ ಬಣ್ಣ ಎಲ್ಲಿಂದ ಬಂತು ಅಂತ ಕೇಳಿದ್ರೆ?" ಅಂತ ಗಡಿಯಾರದವರಿಗೆ ಈಗ ಹೊಳೆಯಿತು.

ಎದುರಿನ ಸೆಲೂನಿನವನು ಕತ್ತರಿ ಹಿಡಿದೇ ಓಡಿಬಂದ. "ನನ್ನ ಅಂಗಡಿ ಮುಂದಿನ ಕಂಬ ನೀಲಿನೇ ಅಲ್ವಾ ಸಾರ್! ಹಿಂದಕ್ಕೆ ತಗೋವಾಗ ಅದಕ್ಕೆ ತಾಗಿಸಿದೆ ಅನ್ನಿ."

"ಕಂಬದ ಮೇಲೆ ಗುರುತೇ ಇಲ್ಲವಲ್ಲೋ!"

ಅದೂ ನಿಜವೇ. ಮೊನ್ನೆ ತಾನೇ ಬಣ್ಣ ಕಂಡ ಕಂಬ ಮದುಮಗನ ಹಾಗೆ ಹೊಳೆಯುತ್ತಿತ್ತು.

"ಹಾಗಾದ್ರೆ ಗುರುತು ಮಾಡಿಬಿಡೋಣ," ಅಂದರು ಗುಮಾಸ್ತರು. "ಮೆತ್ತಗೆ ಹಿಂದೆ ಬಂದು ಮುಟ್ಟಿಸಿ, ಸಾಕು. ಮಗುವಿನ ಗಲ್ಲ ಮುಟ್ಟಿದ ಹಾಗೆ."

"ನಾನು ಮೇಲಿಂದ ನೋಡ್ಕೊಂಡು ಹೇಳ್ತೀನಿ!" ಅಂತ ಮಹಡಿ ಮನೆಯ ದೊಡ್ಡಮ್ಮ ಒದ್ದೆ ಬಟ್ಟೆ ಹಿಂಡುತ್ತಲೇ ಕೂಗಿದರು. ಬೀದಿಗೆಲ್ಲ ಅವರು ದೊಡ್ಡಮ್ಮನೇ.

ಗಡಿಯಾರದವರು ಕಾರು ಹತ್ತಿದರು. ಸೆಲೂನಿನವನು "ಬನ್ನಿ, ಬನ್ನಿ" ಅಂದ. ಗುಮಾಸ್ತರು "ಎಡಕ್ಕೆ!" ಅಂದರು. "ಅಯ್ಯೋ, ನನ್ನ ಎಡಕ್ಕಲ್ಲ, ನಿಮ್ಮ ಎಡಕ್ಕೆ!" ದೊಡ್ಡಮ್ಮ ಮೇಲಿಂದ "ಬಲಕ್ಕೆ ರೀ!" ಅಂದರು. ಅಷ್ಟರಲ್ಲಿ ಹೆಂಡತಿ ಹೊರಗೋಡಿ ಬಂದು, "ರೀ!" ಅಂತ ಕಿರುಚಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಮನುಷ್ಯ ಆ ಒಂದಕ್ಷರಕ್ಕೆ ಬೆಚ್ಚಿಬಿದ್ದು ಬ್ರೇಕು ಬಿಟ್ಟು ಪಕ್ಕದ್ದನ್ನು ತುಳಿದರು.

ಧಡಾರ್!

ಕಂಬ ನಮಸ್ಕಾರ ಮಾಡುವವರಂತೆ ಬಾಗಿತು. ಅದರ ಮೇಲಿದ್ದ ಬೋರ್ಡು ಅಂಗಡಿಯ ಗಾಜಿನ ಮೇಲೆ ಬಿತ್ತು. ಮುಖದ ತುಂಬ ಸೋಪು ಹಚ್ಚಿಕೊಂಡಿದ್ದ ಗಿರಾಕಿಯೊಬ್ಬ ಎದ್ದೆನೋ ಬಿದ್ದೆನೋ ಅಂತ ಹೊರಗೆ ಓಡಿದ. ಕಾರಿನ ಹಿಂಬಾಗಿಲು ಹಲ್ಲಿನ ಡಾಕ್ಟರ ಮುಂದೆ ಕೂತವರ ಬಾಯಿಯಂತೆ ತೆರೆದುಕೊಂಡಿತು.

"ಗುರುತು ಬಿತ್ತು," ಅಂದರು ಗುಮಾಸ್ತರು.

ಹನ್ನೆರಡಕ್ಕೆ ಸರಿಯಾಗಿ ತನಿಖೆಯವಳು ಬಂದಳು. ಕಂಕುಳಲ್ಲಿ ಕಡತ, ಕೈಯಲ್ಲಿ ಅಳತೆ ಟೇಪು.

"ಓಡಿಸಿದ್ದು ಯಾರು?"

"ನಾನೇ," ಅಂದರು ಗಡಿಯಾರದವರು. ಅದರಲ್ಲಿ ಈಗ ಎಳ್ಳಷ್ಟೂ ಸುಳ್ಳಿರಲಿಲ್ಲ.

"ಸಾಕ್ಷಿ ಇದಾರಾ?"

ಇದ್ದರಲ್ಲ, ಮೂವರು! ಗುಮಾಸ್ತರು, "ಹಿಂದೆ ತಿರುಗಿ ಕೂಡ ನೋಡಲಿಲ್ಲ, ಪಾಪ," ಅಂದರು. ಸೆಲೂನಿನವನಿಗೆ ಗಾಜು ಒಡೆದ ಉರಿ. "ಏನು ಸ್ಪೀಡು ಮೇಡಂ! ಗೂಳಿ ನುಗ್ಗಿದ ಹಾಗೆ ನುಗ್ಗಿದ್ರು," ಅಂದ. ದೊಡ್ಡಮ್ಮನಿಗೆ ತಾನೇನು ಕಡಿಮೆ ಅನ್ನಿಸಿತು. ಮೆಟ್ಟಿಲಿಳಿದು ಬಂದು, "ಅವರ ಕೈ ನೋಡಬೇಕಿತ್ತು ನೀವು, ಗಡಗಡ ನಡುಗ್ತಿತ್ತು. ಮಹಡಿಗೇ ಕಾಣ್ತಿತ್ತು!" ಅಂದರು. ಎಲ್ಲವನ್ನೂ ಬರೆದುಕೊಂಡು ಅವಳು ಮೂವರ ಸಹಿ ಹಾಕಿಸಿದಳು.

"ನಿಮ್ಮ ಮಗಳು ಓಡಿಸ್ತಿರಲಿಲ್ವಾ?"

"ಇಲ್ಲಮ್ಮಾ! ಅವಳು ಕಾರು ಮುಟ್ಟೇ ಇಲ್ಲ!"

"ಅವಳಾಗಿದ್ರೆ ಒಳ್ಳೇದಿತ್ತು. ಅವಳ ಹೆಸರು ಪಾಲಿಸಿಗೆ ಸೇರಿ ಒಂಬತ್ತು ದಿನ ಆಯ್ತಲ್ಲ."

ಗಡಿಯಾರದವರು ಹೆಂಡತಿಯ ಕಡೆ ತಿರುಗಿದರು.

"ಕಾರು ನನ್ನ ಹೆಸರಲ್ಲಿದೆ, ನಾನೇ ಸಹಿ ಹಾಕಿ ಸೇರಿಸಿದೆ," ಅಂದಳು ಆಕೆ. "ಬೆಳಿಗ್ಗೆಯಿಂದ ಹೇಳೋಕೆ ಬಂದ್ರೆ ಸುಮ್ನಿರು ಅಂತೀರಿ. ಸುಮ್ನಿದ್ದೆ."

ಅದೇ ಹೊತ್ತಿಗೆ ಮಗಳು ಪರೀಕ್ಷೆ ಮುಗಿಸಿ ಬಂದಳು. ಕಾರು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಪ್ಪಾ, ನಿನ್ನೆ ಇಷ್ಟಿರಲಿಲ್ಲ!" ಡ್ಯಾಶ್‌ಬೋರ್ಡಿನ ಖಾನೆಯಿಂದ ಒಂದು ಚೀಟಿ ತೆಗೆದಳು. "ಲೈಬ್ರರಿ ಮುಂದೆ ನಿಲ್ಲಿಸಿ ಒಳಗೆ ಹೋಗಿದ್ದೆ. ಬ್ರೆಡ್ಡಿನ ನೀಲಿ ವ್ಯಾನು ಬಂದು ಗುದ್ದಿತ್ತು. ತಪ್ಪು ತನ್ನದೇ, ಖರ್ಚೆಲ್ಲ ತಮ್ಮ ವಿಮೆಯವರೇ ಕೊಡ್ತಾರೆ ಅಂತ ಡ್ರೈವರು ಬರೆದುಕೊಟ್ಟಿದಾನೆ. ಅಮ್ಮಂಗೆ ರಾತ್ರಿನೇ ಹೇಳಿದ್ನಲ್ಲ!"

ತನಿಖೆಯವಳು ಟೇಪು ಹಿಡಿದಳು. "ಸರಿ. ಈ ಅಂಗೈಯಷ್ಟು ವ್ಯಾನಿನವರದ್ದು. ಮಿಕ್ಕಿದ್ದೆಲ್ಲ ನಿಮ್ಮದು."

"ಮೇಡಂ," ಗುಮಾಸ್ತರು ಕೆಮ್ಮಿದರು, "ನಾವು ಹೇಳಿದ್ದರಲ್ಲಿ ಕೊಂಚ ಉಪ್ಪುಖಾರ..."

"ಸುಳ್ಳು ಸಾಕ್ಷಿ ಹೇಳಿದ್ರಾ?"

"ಛೆ ಛೆ! ಅಕ್ಷರಕ್ಕಕ್ಷರ ನಿಜ!"

ಅವಳು ಕಡತ ಮುಚ್ಚಿ ಕಂಪನಿಯ ಕರಾರು ಹೇಳಿದಳು. ಒಂದು ವರ್ಷ ಗಡಿಯಾರದವರು ಕಾರು ಓಡಿಸಬೇಕಾದರೆ, ತಪ್ಪಿಲ್ಲದ ಲೈಸೆನ್ಸು ಇರುವ ಮನೆಯವರೊಬ್ಬರು ಪಕ್ಕದಲ್ಲಿ ಕೂತಿರಬೇಕು. ಹೆಂಡತಿಗೆ ಡ್ರೈವಿಂಗ್ ಬರುವುದಿಲ್ಲ. ಮನೆಯಲ್ಲಿ ಅಂಥ ಲೈಸೆನ್ಸು ಇದ್ದದ್ದು ಒಂದೇ, ಒಂಬತ್ತು ದಿನದ್ದು. ಮಗಳು ಕೈ ಚಾಚಿದಳು. ಅವರು ಕೀಲಿ ಕೊಟ್ಟರು. ಹೋಗುವಾಗ ತನಿಖೆಯವಳು ಅಂಗಡಿಯಿಂದ ಹಿತ್ತಾಳೆ ಫಲಕವನ್ನೂ ಬಿಚ್ಚಿಕೊಂಡು ಹೋದಳು.

ಸಂಜೆ ಗಡಿಯಾರದವರು ಅಂಗಡಿಯಲ್ಲಿ ಒಬ್ಬರೇ ಕೂತಿದ್ದರು. ಫಲಕವಿದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಹಲ್ಲು ಕಿಸಿಯುತ್ತಿತ್ತು. ದೊಡ್ಡಮ್ಮ ಬಂದರು.

"ನನ್ನ ವಾಚು ಕೊಟ್ಬಿಡಪ್ಪ."

"ಒಂದು ಸ್ಪ್ರಿಂಗ್ ಬಾಕಿ ಇದೆ. ನಾಳೆ ಹತ್ತಕ್ಕೆ ರೆಡಿ."

"ಬೇಡ ಬಿಡು. ಕೈ ನಡುಗೋರ ಹತ್ರ ಸೂಕ್ಷ್ಮದ ಕೆಲಸ ಯಾಕೆ ಅಂತ."

"ದೊಡ್ಡಮ್ಮಾ! ಅದು ನೀವೇ ಕಟ್ಟಿ ಹೇಳಿದ ಸುಳ್ಳು!"

ದೊಡ್ಡಮ್ಮ ವಾಚಿಗಾಗಿ ಕೈ ಚಾಚಿದರು. "ಇರಬಹುದು. ಆದ್ರೆ ಸಹಿ ಹಾಕಿದೀನಲ್ಲಪ್ಪ."

ಗಡಿಯಾರದವರಿಗೆ ಸಿಟ್ಟು, ಅವಮಾನ, ಅಳು ಎಲ್ಲ ಒಟ್ಟಿಗೆ ಒತ್ತರಿಸಿ ಬಂತು. ಖಾನೆ ಎಳೆದು ವಾಚು ತೆಗೆದು ಮುಂದೆ ಚಾಚಿದರು. ವಾಚು ಗಾಜಿನ ಮೇಜಿಗೆ ತಾಗಿ ಟಕಟಕ ಟಕಟಕ ಅಂತು.

ದೊಡ್ಡಮ್ಮ ಅವರ ಕೈಯನ್ನೇ ನೋಡಿ ತಲೆಯಾಡಿಸಿದರು. "ನೋಡಿದ್ಯಾ? ನಾನು ಹೇಳ್ಲಿಲ್ವಾ?"