ಕಂಪ್ಯೂಟರಿಗೆ ಆರತಿ ನೀರು

ನಿಜ ಹೇಳುವ ಚಟ ನನಗೆ ಮೊದಲಿನಿಂದಲೂ ಇಲ್ಲ. ಹಾಗಂತ ಸುಳ್ಳುಗಾರ ಅಂದುಕೊಳ್ಳಬೇಡಿ. ಸುಳ್ಳು ಹೇಳಿ ಲಾಭ ಮಾಡಿಕೊಳ್ಳುವವನು ಸುಳ್ಳುಗಾರ. ನಾನು ನಾಲ್ಕು ಜನ ನಗಲಿ ಅಂತ ಹೇಳುವವನು. ಒಮ್ಮೆ ಯಾರದೋ ಬೀಗರೂಟದಲ್ಲಿ ಹೊರ ಊರಿನ ಮದುಮಗನ ಪಕ್ಕ ಕೂತು, "ನಮ್ ಕಡೆ ಮುದ್ದೇನ ಚೆನ್ನಾಗಿ ಅಗ್ದು ತಿನ್ಬೇಕು ಕಣಪ್ಪ. ಅಗ್ದಷ್ಟೂ ಮಾವನ್ ಮನೇಗೆ ಮರ್ವಾದೆ," ಅಂದಿದ್ದೆ. ರಾಗಿಮುದ್ದೆ ಅಗಿಯುವ ಪದಾರ್ಥವಲ್ಲ, ಸಾರಿನಲ್ಲಿ ಹೊರಳಿಸಿ ನುಂಗುವುದು ಅಂತ ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಪಾಪ, ಹುಡುಗ ಹಸು ಮೆಲುಕು ಹಾಕಿದ ಹಾಗೆ ಅಗಿದ. ಹಲ್ಲಿಗೆಲ್ಲ ಮೆತ್ತಿಕೊಂಡು ಬಾಯಿ ಬಿಡಲಾಗದೆ ಕೂತ. ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ಮಳವಳ್ಳಿ ಸುತ್ತ ನಾನು ಗಂಟೆ ಎಷ್ಟು ಅಂತ ಹೇಳಿದರೂ ಜನ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಇಂಥ ಕೀರ್ತಿವಂತನ ಪಾಲಿಗೆ ಸೊಸೆಯ ಕಂಪ್ಯೂಟರನ್ನು ತಣ್ಣಗೆ ಮಾಡುವ ಕೆಲಸ ಬಂತು. ಬಂತು ಏನು, ನಾನೇ ಎಳೆದುಕೊಂಡೆ. ಸೊಸೆ ಸವಿತ ಮನೆಯಲ್ಲೇ ಕೂತು ಮದುವೆ ವಿಡಿಯೊಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುತ್ತಾಳೆ. ಈ ಬೇಸಿಗೆಯಲ್ಲಿ ಅವಳ ಕಂಪ್ಯೂಟರು, ಇಡೀ ವಿಡಿಯೊ ಒಟ್ಟುಗೂಡಿಸಲು ಬಿಟ್ಟ ಕೂಡಲೇ ರೊಟ್ಟಿ ಹಂಚಿನಂತೆ ಕಾದು, ಸರಿಯಾಗಿ ಧಾರೆ ಎರೆಯುವ ಹೊತ್ತಿಗೆ ಆರಿಹೋಗುತ್ತಿತ್ತು. ಹಲಗೂರಿನ ಚಿಕ್ಕೇಗೌಡನ ಮಗಳ ಮದುವೆ ವಿಡಿಯೊ ಭಾನುವಾರದ ಬೀಗರೂಟದಲ್ಲಿ ದೊಡ್ಡ ಟೀವಿಯಲ್ಲಿ ಬರಬೇಕು. ಸುತ್ತಲ ಊರಿನವರೆಲ್ಲ ನೋಡುತ್ತಾರೆ. ಚೆನ್ನಾಗಿದ್ದರೆ ಮುಂದಿನ ಮದುವೆಗಳೆಲ್ಲ ಸವಿತಳಿಗೆ, ಇಲ್ಲದಿದ್ದರೆ ಮಂಡ್ಯದ ದೊಡ್ಡ ಸ್ಟುಡಿಯೊಗಳಿಗೆ. ಚಿಕ್ಕೇಗೌಡ ನನ್ನ ಓರಗೆಯವನು, ಫೋನಿನಲ್ಲೇ ಹೇಳಿಬಿಟ್ಟ: "ಲೇ ನಂಜ, ನಿನ್ ಸೊಸೆ ಮಕ ನೋಡಿ ಕೊಟ್ಟಿವ್ನಿ ಕಣ್ಲಾ. ನೀನ್ ಅದ್ರಲ್ಲಿ ಕೈ ಆಡುಸ್‌ಬ್ಯಾಡ."

ನೀರು ಹರಿಸಿ ಕಂಪ್ಯೂಟರ್ ತಣಿಸುವ ಸಾಮಾನು ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತದಂತೆ. ಅದರ ಬೆಲೆ ನೋಡಿ ಸವಿತ ಫೋನನ್ನು ಬೋರಲು ಮಲಗಿಸಿದಳು. ನಾನು ಎದೆ ಉಬ್ಬಿಸಿ, "ನೀರಿನ್ ಇಸ್ಯ ನಂಗ್ ಬುಡವ್ವ. ಶಿವನಸಮುದ್ರದ ಪವರ್ ಹೌಸಲ್ಲಿ ಕಾವೇರೀನೇ ಪೈಪೊಳಿಕ್ಕೆ ನುಗ್ಸಿ ಕರೆಂಟ್ ತೆಗ್ದೋನು ನಾನು," ಅಂದೆ. ಅಡುಗೆಮನೆಯಿಂದ ನನ್ನ ಹೆಂಡತಿ ಪುಟ್ಟತಾಯಮ್ಮ, "ಸ್ಟೋರಲ್ಲಿ ಕೂತ್ಕಂಡು ನಟ್ಟು ಬೋಲ್ಟು ಕೊಡ್ತಿದ್ರು ಕಣಮ್ಮ," ಅಂದಳು. ಇರಲಿ. ಆ ನಟ್ಟು ಇಲ್ಲದಿದ್ದರೆ ಕಾವೇರಿ ಪೈಪಿನೊಳಗೆ ನಿಲ್ಲುತ್ತಿದ್ದಳೇ?

ವಿಷಯ ಸರಳ. ಬಿಸಿಯಾಗುವ ಪ್ರೊಸೆಸರಿನ ಬೆನ್ನ ಮೇಲೆ ಒಂದು ತಾಮ್ರದ ಗಟ್ಟಿ ಕೂರುತ್ತದೆ. ಅದರೊಳಗೆ ಕೂದಲೆಳೆಯಂಥ ಸಂದುಗಳು. ನೀರು ಅಲ್ಲಿ ಹರಿದು, ಬಿಸಿಯನ್ನು ಹೊತ್ತುಕೊಂಡು ರೇಡಿಯೇಟರಿಗೆ ಹೋಗಿ, ಫ್ಯಾನಿನ ಗಾಳಿಗೆ ತಣ್ಣಗಾಗಿ ವಾಪಸು ಬರಬೇಕು. ತಾಮ್ರದ ಗಟ್ಟಿ ಒಂದನ್ನು ಮಾತ್ರ ಹೊಸದು ತರಿಸಿದೆವು. ಪಂಪು, ಕೆಟ್ಟು ಮೂಲೆ ಸೇರಿದ್ದ ನಮ್ಮ ಏರ್ ಕೂಲರಿನದು. ಪೈಪು, ಗಾರೆ ಕೆಲಸದವರು ನೀರು ತುಂಬಿ ಗೋಡೆಯ ಮಟ್ಟ ನೋಡುತ್ತಾರಲ್ಲ, ಒಳಗಿನದು ಕಾಣುವ ಆ ಲೆವೆಲ್ ಪೈಪು. ನೀರಿನ ತೊಟ್ಟಿಗೆ ಪುಟ್ಟತಾಯಮ್ಮನ ಉಪ್ಪಿನಕಾಯಿ ಡಬ್ಬ. ಅದನ್ನು ಕೇಳಿ ಪಡೆದೆ ಅಂತ ನಾನು ಹೇಳುವುದಿಲ್ಲ. ರೇಡಿಯೇಟರ್ ಒಂದು ಸಿಕ್ಕರೆ ಆಯಿತು ಅನ್ನುವಾಗ ಸವಿತ ಫೋನಿನಲ್ಲಿ ಏನೋ ಓದಿ, ತಾಮ್ರಕ್ಕೂ ಅಲ್ಯುಮಿನಿಯಮ್ಮಿಗೂ ಒಂದೇ ನೀರಿನಲ್ಲಿ ಆಗಿಬರುವುದಿಲ್ಲ, ಒಂದು ಇನ್ನೊಂದನ್ನು ತಿಂದುಹಾಕುತ್ತದೆ, ರೇಡಿಯೇಟರೂ ತಾಮ್ರದ್ದೇ ಬೇಕು ಅಂದಳು. ಲೋಹಕ್ಕೂ ಜಾತಕ! ನಮ್ಮ ಮದುವೆಯಲ್ಲಿ ಇಷ್ಟು ನೋಡಿದ್ದರೆ ಪುಟ್ಟತಾಯಮ್ಮ ಬಚಾವಾಗುತ್ತಿದ್ದಳು.

ಬಸ್ಸು ಹತ್ತಿ ಮದ್ದೂರಿಗೆ ಹೋಗಿ, ಪರಿಚಯದ ಮೆಕ್ಯಾನಿಕ್ ನಯಾಜನನ್ನು ಹಿಡಿದೆ. "ಕಂಪ್ಯೂಟರ್‌ಗೊಂದು ರೇಡಿಯೇಟರ್ ಕೊಡಪ್ಪ," ಅಂದೆ. ಅವನು ಸ್ಪ್ಯಾನರ್ ಕೆಳಗಿಟ್ಟು ಗ್ಯಾರೇಜಿಗೆಲ್ಲ ಕೇಳುವಂತೆ, "ಬನ್ರಪ್ಪೋ, ಮಳವಳ್ಳಿ ಗೌಡ್ರು ಬಂದವ್ರೆ! ಓದ್ಸಲ ಎತ್ತಿನ್ ಗಾಡೀಗೆ ಸೈಲೆನ್ಸರ್ ಕೇಳಿದ್ರು, ಈಗ ಕಂಪ್ಯೂಟರ್‌ಗೆ ರೇಡಿಯೇಟರಂತೆ!" ಅಂತ ಕೂಗಿದ. ಆಣೆ ಇಟ್ಟೆ, ಇನ್ನೂ ಜೋರಾಗಿ ನಕ್ಕರು. ಕೊನೆಗೆ ಸವಿತಳಿಗೆ ಫೋನು ಮಾಡಿ ಸ್ಪೀಕರ್ ಹಾಕಬೇಕಾಯಿತು. "ದಿಟ ಕಣಣ್ಣ, ಕೊಡಿ. ತೂತಿಲ್ದಿರೋದ್ ನೋಡಿ ಕೊಡಿ," ಅಂದಳು. ನಯಾಜ್ ಒಳಗಿನಿಂದ ಒಂದು ಪುಟ್ಟ ತಾಮ್ರದ ರೇಡಿಯೇಟರ್ ತಂದ. ಚಳಿಗೆ ಕಾರಿನೊಳಗೆ ಬಿಸಿ ಗಾಳಿ ಬಿಡುವುದಂತೆ. "ಮದ್ದೂರ್ ಸೆಕೇಲಿ ಬಿಸಿ ಗಾಳಿ ಯಾರ್ ಆಕ್ಕತ್ತಾರೆ ಗೌಡ್ರೆ? ಒಸ ಮದ್ವಣ್ಗಿತ್ತಿ ಇದ್ದಂಗದೆ. ಆದ್ರೆ ಬ್ಯಾಟ್ರಿಗೆ ಬುಡೋ ನೀರ್ ಮಾತ್ರ ಉಯ್ಯಿ, ಬ್ಯಾರೆ ಏನೂ ಬೆರುಸ್‌ಬ್ಯಾಡಿ," ಅಂದ.

ಜೋಡಿಸಿದೆವು. ಬಹುಪಾಲು ನಾನೇ ಜೋಡಿಸಿದೆ, ಸವಿತ ಬರೀ ಸರಿಯಾದ ಕಡೆ ಸರಿಯಾದ್ದನ್ನು ಹಾಕಿದಳು ಅಷ್ಟೆ. ಎಲ್ಲೂ ತೊಟ್ಟಿಕ್ಕಲಿಲ್ಲ, ಕಂಪ್ಯೂಟರ್ ತಣ್ಣಗೆ ಕೂತಿತು. ಶನಿವಾರ ಬೆಳಿಗ್ಗೆ ಅವಳು ಡಬ್ಬದ ಕಡೆ ಒಂದು ಪುಟ್ಟ ಕ್ಯಾಮೆರಾ ತಿರುಗಿಸಿ, ಪಂಪು ನಿಂತರೆ ಫೋನಿನಲ್ಲೇ ಕಾಣಲಿ ಅಂತ ಇಟ್ಟು, ಚಿಕ್ಕೇಗೌಡನ ಮಗಳ ವಿಡಿಯೊ ಓಡಲು ಬಿಟ್ಟು ಸಂತೆಗೆ ಹೋದಳು. ನಾನು ಬೀದಿಗಿಳಿದು ಜನ ಕರೆತಂದೆ. ಎದುರುಮನೆ ದೇವಮ್ಮ ಬಗ್ಗಿ ನೋಡಿ, "ಎಲ್ಲಿ ಗೌಡ್ರೆ, ನೀರ್ ಓಡ್ತಾನೇ ಇಲ್ವಲ್ಲ?" ಅಂದಳು. "ಓಡ್ತಾ ಅದೆ ಕಣಮ್ಮ." "ನಿಂತಂಗೇ ಅದೆ. ಇನ್ನೊಂದ್ ಬುಟ್ರು ನೋಡ್ರವ್ವ!" ಅಂತ ಎಲ್ಲರೂ ನಗುತ್ತಾ ಹೊರಟರು. ನೀರು ಅಷ್ಟು ತಿಳಿ, ಒಂದು ಗುಳ್ಳೆಯೂ ಇಲ್ಲ. ಹರಿಯುವುದು ಕಾಣುವುದಾದರೂ ಹೇಗೆ? ಜನ್ಮಕ್ಕೊಂದು ಸಲ ನಿಜ ಹೇಳಿದ್ದೆ, ಸಾಕ್ಷಿ ಇರಲಿಲ್ಲ.

ಈ ಅವಮಾನ ನನ್ನಿಂದ ತಡೆಯಲಾಗಲಿಲ್ಲ. ದೇವಮ್ಮನ ಮನೆಗೆ ಬರಲಿದ್ದ ಹೊಸ ದಂಪತಿಗೆ ಅಂತ ಪುಟ್ಟತಾಯಮ್ಮ ಅರಿಸಿನಕ್ಕೆ ಸುಣ್ಣ ಕದಡಿ ಕೆಂಪಗೆ ಆರತಿ ನೀರು ಮಾಡಿಟ್ಟಿದ್ದಳು. ಅತ್ತಿತ್ತ ನೋಡಿ ಒಂದು ಲೋಟ ಡಬ್ಬಕ್ಕೆ ಸುರಿದೆ. ಆಹಾ! ಕೆಂಪು ಪೈಪಿನಲ್ಲಿ ಸರಸರ ಹರಿಯಿತು. ಬಾಗಿಲಿಗೆ ಓಡಿ ಹೋದವರನ್ನೆಲ್ಲ ಮತ್ತೆ ಕೂಗಿ ಕರೆದೆ. "ಅಯ್ ಸಿವನೇ, ದಿಟವೇ!" ಅಂದಳು ದೇವಮ್ಮ. ನಾನು ಮೀಸೆ ತಿರುವಿದೆ.

ಮೀಸೆ ಇನ್ನೂ ಕೈಯಲ್ಲೇ ಇತ್ತು, ಕಂಪ್ಯೂಟರ್ ಆರಿತು. ಸರಿಯಾಗಿ ಧಾರೆಯ ಹೊತ್ತಿಗೆ. ಫೋನಿನಲ್ಲಿ ಕೆಂಪು ಕಂಡು ಸವಿತ ಸಂತೆಯಿಂದ ಓಡಿಬಂದಳು. "ಮಾವ, ಪೈಪ್ ಯಾಕೆ ಕೆಂಪಗದೆ?" "ಬಿಸೀಗೆ ಬಣ್ಣ ತಿರುಗಿರ್ಬೇಕು ಕಣವ್ವ," ಅಂದೆ. ಪುಟ್ಟತಾಯಮ್ಮ ಖಾಲಿ ಲೋಟ ನೋಡಿ, "ಸುಣ್ಣ ಉಯ್ದವ್ರೆ ಕಣವ್ವ ಪುಣ್ಯಾತ್ಮರು," ಅಂದಳು. ಸವಿತ ಬೈಯಲಿಲ್ಲ. ಕಣ್ಣು ತುಂಬಿಕೊಂಡು, "ನಾಳೀಕೆ ಬೀಗರೂಟ," ಅಂದಳು ಅಷ್ಟೆ. ಬೈದಿದ್ದರೆ ನಾನು ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಕಣ್ಣೀರಿಗೆ ನನ್ನ ಹತ್ತಿರ ತಮಾಷೆ ಇಲ್ಲ.

ತಾಮ್ರದ ಗಟ್ಟಿ ಬಿಚ್ಚಿದರೆ ಸಂದುಗಳಲ್ಲೆಲ್ಲ ಅರಿಸಿನ ಸುಣ್ಣದ ಗಸಿ. ತಾಮ್ರದ ಹಂಡೆ ತಿಕ್ಕುವ ಹುಣಸೆಹಣ್ಣನ್ನು ಪುಟ್ಟತಾಯಮ್ಮ ನನ್ನ ಕೈಗೆ ತುರುಕಿ, "ಉಜ್ಜಿ," ಅಂದಳು. ಹಿತ್ತಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ನನ್ನದೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಹುಳಿ ತಾಗಿ ಕೆಂಪು ಹಳದಿಯಾಯಿತು, ಹಳದಿ ಹೋಗಿ ತಾಮ್ರ ಮಿರಿಮಿರಿ ಮಿಂಚಿತು. ಎಲ್ಲ ತೊಳೆದು, ಮತ್ತೆ ಜೋಡಿಸಿ, ಬರೀ ಬ್ಯಾಟರಿ ನೀರು ತುಂಬಿ, ವಿಡಿಯೊ ಮತ್ತೆ ಓಡಲು ಬಿಟ್ಟು ಮೂವರೂ ಅದರ ಮುಂದೆ ಕೂತೆವು. ಧಾರೆ ಬಂತು. ಧಾರೆ ದಾಟಿತು. ಮದುಮಗಳು ಅತ್ತು ಗಂಡನ ಮನೆಗೂ ಹೋದಳು. ಅವಳಿಗಿಂತ ಜೋರಾಗಿ ಸವಿತ ನಕ್ಕಳು.

ಭಾನುವಾರ ಹಲಗೂರಿನಲ್ಲಿ ವಿಡಿಯೊ ನೋಡಿ ಜನ ಬಾಯಿ ಚಪ್ಪರಿಸಿದರು. ಇಬ್ಬರು ಅಲ್ಲೇ ಬಂದು ಸವಿತಳ ನಂಬರ್ ಕೇಳಿದರು. ಮುಗಿಯಿತು ಅನ್ನುವಷ್ಟರಲ್ಲಿ ಟೀವಿಯಲ್ಲಿ ನಾನು ಬಂದೆ! ಕಳ್ಳ ಬೆಕ್ಕಿನಂತೆ ಅತ್ತಿತ್ತ ನೋಡಿ, ಉಪ್ಪಿನಕಾಯಿ ಡಬ್ಬಕ್ಕೆ ಆರತಿ ನೀರು ಸುರಿದು ಮೀಸೆ ತಿರುವುತ್ತಿದ್ದೆ. ಆ ಪುಟ್ಟ ಕ್ಯಾಮೆರಾ ಎಲ್ಲವನ್ನೂ ಹಿಡಿದಿಟ್ಟುಕೊಂಡಿತ್ತು! ಚಿಕ್ಕೇಗೌಡ ಹೊಟ್ಟೆ ಹಿಡಿದುಕೊಂಡು, "ಅಕ್ಕಳಪ್ಪ! ಕಂಪ್ಯೂಟರ್‌ಗೂ ಆರತಿ ಎತ್ತಿದ್ಯೇನ್ಲಾ ನಂಜ? ನಾನೇ ಕಣ್ಲಾ ಸವಿತವ್ವಂಗೆ ಆಕು ಅಂದೋನು!" ಅಂತ ಕೂಗಿದ. ಸವಿತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಊಟಕ್ಕೆ ಕೂತೆವು. ಹೊಸ ಅಳಿಯ ಉಡುಪಿ ಕಡೆಯವನು, ನನ್ನ ಪಕ್ಕದಲ್ಲೇ ಎಲೆ. ಮುದ್ದೆ ನೋಡಿ ಮೆಲ್ಲಗೆ, "ಇದನ್ನು ಹೇಗೆ ತಿನ್ನುವುದು ಮಾರಾಯ್ರೆ?" ಅಂತ ಕೇಳಿದ. ಹಿಂದಿನ ದಿನದ ಹುಣಸೆಹುಳಿ ಇನ್ನೂ ಉಗುರಿನಲ್ಲಿ ಚುರುಗುಟ್ಟುತ್ತಿತ್ತು. ಮನಸ್ಸು ಮಾಡಿ ನಿಜ ಹೇಳಿದೆ: "ಅಗೀಬ್ಯಾಡ ಕಣಪ್ಪ. ಸಾರಲ್ಲಿ ಒಳ್ಳಾಡ್ಸಿ ನುಂಗ್ಬುಡು."

ಅವನು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಟೀವಿಯ ಕಡೆ ನೋಡಿದ. ಆಮೇಲೆ ಜಾಣನಂತೆ ಮುಗುಳ್ನಕ್ಕು, ಮುದ್ದೆ ಮುರಿದು ಬಾಯಿಗಿಟ್ಟುಕೊಂಡು, ಚೆನ್ನಾಗಿ ಅಗಿಯತೊಡಗಿದ.